ಎಡಕ್ಕೆ ವಾಲುತ್ತಿದ್ದ ಹುಲ್ಲುಗಾಡಿ

ಕಾರ್ತಿಕದ ಆ ಬೆಳಿಗ್ಗೆ ಹುಲ್ಲುಹಾಸಿನ ಅಂಚಿನಲ್ಲಿ ನಾವು ನಾಲ್ಕು ಜನ ನಿಂತಿದ್ದೆವು. ಟೀ ಲೋಟ ಹಿಡಿದುಕೊಂಡು ರೆಸಾರ್ಟಿನ ಮ್ಯಾನೇಜರ್. ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಭಾವ, ಅಂದರೆ ನನ್ನ ಅಕ್ಕನ ಗಂಡ. ಹುಲ್ಲು ಕತ್ತರಿಸುವ ಗಾಡಿ ಓಡಿಸುತ್ತಿದ್ದವರು ಅವರೇ. ಗಾಡಿ ನುಗ್ಗಲಾಗದ ಮೂಲೆ ಮುಡುಕುಗಳಲ್ಲಿ ಕುಡುಗೋಲಿನಿಂದ ಹುಲ್ಲು ಸವರುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು. ಅವಳು ಯಾರಿಗೂ ಸಂಬಂಧಿಯಲ್ಲ, ಆದರೂ ಎಲ್ಲರಿಗೂ ಅತ್ತೆ. ಮತ್ತೆ ನಾನು. ಜನರೇಟರು, ನೀರಿನ ಪಂಪು, ಹುಲ್ಲುಗಾಡಿ, ಅಲ್ಲಿ ಸದ್ದು ಮಾಡಿ ತಿರುಗುವುದೆಲ್ಲ ನನ್ನ ಪಾಲಿನ ಕೆಲಸ.

ಎಚ್.ಡಿ. ಕೋಟೆಯಿಂದ ಅಂತರಸಂತೆ ಕಡೆಗೆ ಹೋಗಿ ಒಳಕ್ಕೆ ತಿರುಗಿದರೆ ಕಬಿನಿಯ ಹಿನ್ನೀರು. ಆಚೆ ದಡದಲ್ಲಿ ಕಾಕನಕೋಟೆಯ ಕಾಡು, ಈಚೆ ದಡದಲ್ಲಿ ನಮ್ಮ ರೆಸಾರ್ಟು. ಊಟದ ಹಾಲಿನ ಮುಂದಿನಿಂದ ನೀರಿನ ತನಕ ಇಳಿಜಾರಿಗೆ ಹುಲ್ಲು ಬೆಳೆಸಿದ್ದಾರೆ. ಹುಲಿ ನೋಡಲು ಜೀಪಿನಲ್ಲಿ ಹೋದವರು ಹುಲಿ ಕಾಣದೆ ವಾಪಸು ಬಂದು ಮುಖ ಇಳಿಬಿಟ್ಟು ಕೂರುವುದು ಆ ಹುಲ್ಲಿನ ಮೇಲೆಯೇ. ಹಾಗಾಗಿ ಹುಲ್ಲಾದರೂ ಚೆನ್ನಾಗಿರಬೇಕು ಅನ್ನುವುದು ಮ್ಯಾನೇಜರ್ ವಾದ.

ಮಂಜು ಸರಿದು ಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನ ಬಣ್ಣ ಬಯಲಾಯಿತು. ಮೇಲಿನಿಂದ ನೀರಿನ ತನಕ ಉದ್ದುದ್ದ ದಿಂಡು, ದಿಂಡಿನ ಪಕ್ಕ ಹಳ್ಳ, ಮತ್ತೆ ದಿಂಡು. ಹಳ್ಳದಲ್ಲಿ ಹುಲ್ಲು ಬೇರಿನ ತನಕ ಬೋಳಾಗಿ ಹಳದಿ ಕಾಣುತ್ತಿತ್ತು, ದಿಂಡಿನ ಮೇಲೆ ಕೆದರಿದ ಕೂದಲಿನ ಹಾಗೆ ನಿಂತಿತ್ತು.

“ಏನ್ರೀ ಇದು? ಶುಂಠಿ ಪಾತಿ ಮಾಡಿದ್ದೀರಲ್ಲ! ನೆಡೋದೊಂದು ಬಾಕಿ,” ಅಂದರು ಮ್ಯಾನೇಜರ್. ಅವರು ಮೈಸೂರಿನವರು, ಮಾತು ಸಣ್ಣ ದನಿಯಲ್ಲೇ ಚುಚ್ಚುತ್ತಿತ್ತು. “ಸಂಕ್ರಾಂತಿ ಆದ್ಮೇಲೆ ಇಲ್ಲಿ ಮದುವೆ ಇದೆ. ಮೇಲಿಂದ ಡ್ರೋನ್ ಹಾರಿಸಿ ವಿಡಿಯೋ ತೆಗೀತಾರೆ. ಹುಲಿ ಮೈ ಥರ ಪಟ್ಟೆ ಪಟ್ಟೆ ಕಾಣ್ಸತ್ತೆ.”

“ಉಲಿ ನೋಡಾಕ್ ತಾನೆ ಸಾರ್ ಅವ್ರು ಇಲ್ಲೀಗಂಟ ಬರೋದು?” ಅಂದರು ಭಾವ. “ಕಾಡಲ್ಲಿ ಕಾಣ್ದಿದ್ರೆ ಇಲ್ಲೇ ನೋಡ್ಕಂಡು ಓಗ್ಲಿ ಬುಡಿ.”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. “ಈ ಅಳಿಯಂಗೆ ಬಾಯೊಂದು ನೆಟ್ಗದೆ ಸಾಮಿ. ಮಿಕ್ಕಿದ್ದೆಲ್ಲ ಸೊಟ್ಟ.”

ಮ್ಯಾನೇಜರ್ ನಗಲಿಲ್ಲ. ಲೋಟದಲ್ಲಿ ಉಳಿದ ಟೀ ಹುಲ್ಲಿಗೆ ಚೆಲ್ಲಿ, ನನ್ನ ಕಡೆ ತಿರುಗಿ ಹೇಳಿದರು: “ಗಾಡಿದೋ ಓಡಿಸೋರದೋ, ತೊಂದ್ರೆ ಎಲ್ಲಿದೆ ಅಂತ ನೀವೇ ಹುಡುಕಿ. ಗಾಡಿದಾದ್ರೆ ರಿಪೇರಿ ಮಾಡ್ಸೋಣ. ಓಡಿಸೋರದಾದ್ರೆ ಬೇರೆಯವರನ್ನ ನೋಡ್ತೀನಿ. ನಿಮ್ಮ ಭಾವ ಅಂತ ನಾನು ಸುಮ್ನಿರಕ್ಕಾಗಲ್ಲ.”

ಅವರು ಹೋದ ಮೇಲೂ ಭಾವ ಹುಲ್ಲನ್ನೇ ನೋಡುತ್ತಾ ನಿಂತಿದ್ದರು. ಆ ಸೀಟು ಅವರಿಗೆ ಏನು ಅನ್ನುವುದು ನನಗೆ ಗೊತ್ತಿತ್ತು. ಭಾವನ ಊರು ಹುಣಸೂರಿನ ಗಾವಡಗೆರೆ ಕಡೆ. ಮೀಸೆ ಬಂದಾಗಿನಿಂದ ಅವರು ಮಾಡಿದ್ದು ಒಂದೇ ಕೆಲಸ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ನಿಂತು ಸೌದೆ ಒಟ್ಟುವುದು. ಕಾವು ಏರಬಾರದು, ಇಳಿಯಬಾರದು. ಕೂತರೆ ತೂಕಡಿಕೆ, ತೂಕಡಿಸಿದರೆ ಸೊಪ್ಪು ಕರಿ. ಹಾಗಾಗಿ ನಿಂತೇ ಇರಬೇಕು. ಇಲ್ಲಿಗೆ ಬಂದು ಹುಲ್ಲುಗಾಡಿಯ ಸೀಟಿನ ಮೇಲೆ ಮೊದಲ ಸಲ ಕೂತಾಗ, ಎರಡು ಕೈಯಲ್ಲಿ ಸೀಟಿನ ಅಂಚು ತಡವಿ ನೋಡಿ, “ಲೇ ಬಾಮೈದ, ಉಟ್ಟಿದಾಗಿಂದ ಕುಂತ್ಕಂಡು ಮಾಡೋ ಕೆಲ್ಸ ಸಿಕ್ಕಿದ್ದು ಇದೊಂದೇ ಕಣ್ಲಾ,” ಅಂದಿದ್ದರು. ಮನೆಗೆ ಹೋದಾಗಲೆಲ್ಲ ಅಕ್ಕನ ಮುಂದೆ ಅದರದೇ ಮಾತು. ಅಕ್ಕ ರೇಗಿಸುತ್ತಿದ್ದಳು: “ಮದ್ವೇಲಿ ಎತ್ತಿನ್ ಗಾಡೀಲಿ ಕುಂತಿದ್ರಲ್ಲ, ಅದ್ಬುಟ್ರೆ ಇದೇಯಾ ನಿಮ್ ಸವಾರಿ.”

ನಾನು ಹುಡುಕಲು ಶುರು ಮಾಡಿದೆ.

ಹುಲ್ಲುಗಾಡಿ ನೋಡಲು ಸಣ್ಣ ಟ್ರ್ಯಾಕ್ಟರಿನ ಹಾಗೆ. ಮೇಲೆ ಸೀಟು, ಸ್ಟೇರಿಂಗು. ಹೊಟ್ಟೆಯ ಅಡಿ ಬೋರಲು ಹಾಕಿದ ಬಾಣಲೆಯಂಥ ಕಬ್ಬಿಣದ ಮುಚ್ಚಳ, ಅದರೊಳಗೆ ತಿರುಗುವ ಎರಡು ಬ್ಲೇಡು. ಆ ಬಾಣಲೆಗೆ ಡೆಕ್ ಅನ್ನುತ್ತೇವೆ. ಅದು ಬೋಲ್ಟುಗಳಲ್ಲಿ ನೇತಾಡುತ್ತಿರುತ್ತದೆ. ಎಡ ಬಲ ಎರಡೂ ನೆಲದಿಂದ ಒಂದೇ ಎತ್ತರದಲ್ಲಿದ್ದರೆ ಹುಲ್ಲು ಮಟ್ಟಸ. ಒಂದು ಪಕ್ಕ ಜಗ್ಗಿದರೆ ಆ ಪಕ್ಕ ಬೋಳು, ಇನ್ನೊಂದು ಪಕ್ಕ ಕೆದರು. ನಮ್ಮದು ಎಡಕ್ಕೆ ಜಗ್ಗುತ್ತಿತ್ತು. ಹೋಗುವಾಗ ಎಡ, ತಿರುಗಿ ಬರುವಾಗಲೂ ಎಡ. ಹಾಗಾಗಿಯೇ ದಿಂಡು, ಹಳ್ಳ.

ಮೊದಲು ಟೈರು. ಎಡಗಡೆಯ ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇತ್ತು, ಜಾಲಿ ಮುಳ್ಳೊಂದು ಸೇರಿಕೊಂಡಿತ್ತು. ಪಂಕ್ಚರ್ ಹಾಕಿ ಗಾಳಿ ತುಂಬಿದೆ. ಭಾವ ಖುಷಿಯಾಗಿ, “ಒಂದು ಮುಳ್ಳಿಗೆ ಅಷ್ಟೊಂದ್ ಭಾಷ್ಣ ಕೇಳ್ಬೇಕಾಯ್ತಲ್ಲಾ,” ಅಂದುಕೊಂಡು ಒಂದು ಸುತ್ತು ಹೊಡೆದು ಬಂದರು. ದಿಂಡು ಹಾಗೇ ಇತ್ತು.

ಆಮೇಲೆ ಹೊಟ್ಟೆ. ಗಾಡಿಯ ಒಂದು ಪಕ್ಕವನ್ನು ಜಾಕಿನ ಮೇಲೆ ಎತ್ತಿ ಕೆಳಗೆ ನೋಡಿದರೆ, ಹಸಿ ಹುಲ್ಲು ಮೆತ್ತಿಕೊಂಡು ಒಣಗಿ ಸಗಣಿ ತಟ್ಟಿದ ಹಾಗೆ ಗಟ್ಟಿಯಾಗಿತ್ತು. “ಬಾವ, ವಸಿ ಬಗ್ಗಿ ಆ ಕಡೆಯಿಂದ ಕೆರೀರಿ,” ಅಂದೆ. “ನೀನೇ ಕೆರೀಲಾ, ನಂಗೆ ವಟ್ಟೆ ಅಡ್ಡ ಬತ್ತದೆ,” ಅಂದರು. ಅವರಿಗೆ ಹೊಟ್ಟೆಯೇ ಇರಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಿಕೊಂಡಿದ್ದರು. ನಾನು ತಮಾಷೆ ಅಂತ ನಕ್ಕು ನಾನೇ ಕೆರೆದೆ.

ಕೆರೆಯುವಾಗ ಸಿಕ್ಕಿತು ನೋಡಿ ಇನ್ನೊಂದು. ಎಡಗಡೆಯ ಬ್ಲೇಡು ತಿರುವುಮುರುವಾಗಿ ಕೂತಿತ್ತು. ಬ್ಲೇಡಿನ ತುದಿಗಳಲ್ಲಿ ಹಿಂದಕ್ಕೆ ಎದ್ದ ರೆಕ್ಕೆ ಇರುತ್ತದೆ. ಅದು ಮೇಲ್ಮುಖವಾಗಿದ್ದರೆ ಗಾಳಿ ಎಳೆದು ಹುಲ್ಲನ್ನು ನೆಟ್ಟಗೆ ನಿಲ್ಲಿಸಿ ಕೊಯ್ಯುತ್ತದೆ. ಇದು ನೆಲ ನೋಡುತ್ತಿತ್ತು. ಬ್ಲೇಡಿನ ಬೆನ್ನ ಮೇಲೆ ಇನ್ನೂ ಅರಿಸಿನ, ಕುಂಕುಮದ ಗುರುತು ಉಳಿದಿತ್ತು. ನನಗೆ ಕೂಡಲೇ ಹೊಳೆಯಿತು. ಆಯುಧಪೂಜೆಯಲ್ಲಿ ಬ್ಲೇಡು ಬಿಚ್ಚಿ, ತೊಳೆದು, ಅತ್ತೆಯ ಕುಡುಗೋಲು ಮಚ್ಚುಗಳ ಪಕ್ಕ ಇಟ್ಟು ಪೂಜೆ ಮಾಡಿದ್ದೆವು. ವಾಪಸು ಹಾಕಿದ್ದು ಭಾವ.

“ಬಾವ, ಇದನ್ಯಾಕ್ ತಿರುಗ್ಸಾಕಿದ್ದೀರಾ?”

“ಮತ್ತೆ? ಕುಂಕುಮ ಇಟ್ಟಿರೋ ಮುಖ್ವಾ ನೆಲಕ್ ಮಾಡಿ ಸಗಣಿ ಕೆಸ್ರಲ್ಲಿ ಉಜ್ಜಾದ? ನಿಮ್ಮಜ್ಜಿ ಇದ್ದಿದ್ರೆ ಕಪಾಳಕ್ ಬಿಡೋಳು.”

“ಬಲಗಡೇದು ಸರಿಯಾಗೇ ಅದಲ್ಲ?”

“ಅದ್ಕೆ ಕುಂಕುಮ ಇಟ್ಟೋಳು ನಿಮ್ಮತ್ತೆ. ಅವ್ಳು ಯಾವ್ ಕಡೆ ಇಟ್ಟವ್ಳೋ ಆ ಕಡೆ ಮೇಲಕ್ ಮಾಡಿದೆ. ನಂದೇನ್ ತಪ್ಪು?”

ಅತ್ತೆ ಕಳೆ ಕೀಳುವುದು ಬಿಟ್ಟು ಬಂದು ಇಣುಕಿದಳು. “ಔದು ಕಣಪ್ಪ. ದೇವ್ರು ಮೇಲ್ಗಡೆ, ಉಲ್ಲು ಕೆಳ್ಗಡೆ. ಈ ಅಳಿಯ ದೇವ್ರ ಕಡೆ ಸೇರ್ಕಂಡವ್ನೆ.”

ಮೂವರೂ ನಕ್ಕೆವು. ಬ್ಲೇಡು ತಿರುಗಿಸಿ ಹಾಕಿ, ಅರ ಕೊಟ್ಟು ಸಾಣೆ ಹಿಡಿದು, ಇನ್ನೇನು ಮುಗಿಯಿತು ಅಂದುಕೊಂಡೆ. ಹುಲ್ಲು ಮೊದಲಿಗಿಂತ ನುಣ್ಣಗೆ ಬಂತು, ನಿಜ. ಆದರೆ ಸಂಜೆ ಬಿಸಿಲಿಗೆ ನೋಡಿದರೆ ಎಡಕ್ಕೆ ಹಳ್ಳ ಇದ್ದೇ ಇತ್ತು.

ಮಾರನೇ ದಿನ ಗಾಡಿಯನ್ನು ಜನರೇಟರ್ ಶೆಡ್ಡಿನ ಸಿಮೆಂಟು ನೆಲದ ಮೇಲೆ ನಿಲ್ಲಿಸಿದೆ. ಒಂದು ಮರದ ತುಂಡನ್ನು ಅಳತೆಗೆ ಕೊಯ್ದು, ಡೆಕ್ಕಿನ ಎಡಗಡೆ ತೂರಿಸಿದೆ, ಬಿಗಿಯಾಗಿ ಹೋಯಿತು. ಬಲಗಡೆ ತೂರಿಸಿದೆ, ಅಷ್ಟೇ ಬಿಗಿ. ಎರಡೂ ಸಮ. ಬೋಲ್ಟು ಸರಿ, ಬೆಲ್ಟು ಸರಿ, ಬ್ಲೇಡು ಸೊಟ್ಟವಾಗಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತು ಕೇಳಿದರು, “ಏನ್ ಸಿಕ್ತು?” ಏನೂ ಸಿಕ್ಕಿಲ್ಲ ಅಂದೆ. “ಹಾಗಾದ್ರೆ ನೀವೊಂದ್ಸಲ ಓಡಿಸಿ ನೋಡೋಣ.”

ನಾನು ಕೂತೆ. ಸೀಟಿನ ಪಕ್ಕ ಇಂಜಿನ್ನಿನ ವೇಗಕ್ಕೆ ಒಂದು ಹಿಡಿಕೆ ಇದೆ. ಓದು ಬಾರದವರಿಗೂ ತಿಳಿಯಲಿ ಅಂತ ಅದರ ಒಂದು ತುದಿಗೆ ಮೊಲದ ಚಿತ್ರ, ಇನ್ನೊಂದು ತುದಿಗೆ ಆಮೆಯ ಚಿತ್ರ ಇರುತ್ತದೆ. ಹುಲ್ಲು ಹೊಡೆಯುವಾಗ ಯಾವಾಗಲೂ ಮೊಲ. ಹಿಡಿಕೆ ಆಮೆಯ ಹತ್ತಿರ ನಿಂತಿತ್ತು. ಅದನ್ನು ಮೊಲಕ್ಕೆ ತಳ್ಳಿದೆ. ಗಾಡಿ ಮೈಯೆಲ್ಲ ನಡುಗಿಸಿಕೊಂಡು ಎದ್ದಿತು. ಇಳಿಜಾರಿನಲ್ಲಿ ನೀರಿನ ತನಕ ಹೋಗಿ, ತಿರುಗಿ ಬಂದೆ.

ನನ್ನ ಹಿಂದೆ ಹುಲ್ಲು ಚಾಪೆ ಹಾಸಿದ ಹಾಗೆ ಮಟ್ಟಸವಾಗಿತ್ತು.

ಮ್ಯಾನೇಜರ್ ಹಿಡಿಕೆಯನ್ನು ನೋಡಿದರು, ಭಾವನನ್ನು ನೋಡಿದರು. “ಆಮೆಗಿಟ್ಟು ಓಡಿಸೋದು. ಒಂದ್ಕಡೆ ವಾಲ್ಕೊಂಡು ಆರಾಮಾಗಿ ಕೂತ್ಕೊಳ್ಳೋದು. ನಾನೂ ನೋಡಿದೀನಿ ರೂಮಿನ ಕಿಟಕಿಯಿಂದ. ಗಾಡಿ ಸರಿಯಾಗೇ ಇದೆ. ಇದಕ್ಕೆ ಮೈಗಳ್ಳತನ ಅಂತಾರೆ, ಅಷ್ಟೆ.”

ಭಾವ ಏನಾದರೂ ಅನ್ನುತ್ತಾರೆ ಅಂತ ಕಾದೆ. ಸೂರ್ಯನಿಗೇ ಎದುರು ಮಾತಾಡುವ ಆಸಾಮಿ. ಅಂದು ಅವರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು ಪಂಪ್‌ಹೌಸಿನ ಕಡೆ ನಡೆದುಬಿಟ್ಟರು. ಅತ್ತೆ ನನ್ನ ಮುಖ ನೋಡಿದಳು.

ಅವರು ನಡೆದು ಹೋಗುತ್ತಿದ್ದುದನ್ನು ಹಿಂದಿನಿಂದ ನೋಡುತ್ತಿದ್ದಂತೆ ನನಗೆ ನಮ್ಮ ಹೊಲ ನೆನಪಾಯಿತು. ಬೆಟ್ಟದಪುರದ ಬೆಟ್ಟ ಕಾಣುವ ಹೊಲ ಅದು. ಅಪ್ಪ ಉಳುತ್ತಿದ್ದ. ಬಲಗಡೆಯ ಎತ್ತು ನೊಗಕ್ಕೆ ಹೆಗಲು ಕೊಡದೆ ಪಕ್ಕಕ್ಕೆ ಜಗ್ಗುತ್ತಿತ್ತು, ಸಾಲು ಹಾವಿನ ಹಾಗೆ ಡೊಂಕಾಗುತ್ತಿತ್ತು. “ಮೈಗಳ್ಳ ನನ್ಮಗಂದು,” ಅಂತ ಅಪ್ಪ ಬಾರುಕೋಲು ಬೀಸುತ್ತಿದ್ದ. ಬುತ್ತಿ ಹೊತ್ತುಕೊಂಡು ಬಂದ ಅಜ್ಜಿ ಬದುವಿನ ಮೇಲೆ ನಿಂತು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಕೂಗಿದಳು: “ಮೈ ಕದೀತದೆ ಅಂತ ಬಡೀತಿದ್ದೀಯಲ್ಲ, ಯಾಕ್ ಕದೀತದೆ ಅಂತ ನೋಡ್ದಾ?” ಬುತ್ತಿ ಇಳಿಸಿ ಬಂದು ತಾನೇ ನೊಗ ಎತ್ತಿದಳು. ಅಡಿಯಲ್ಲಿ ಹೆಗಲು ಕೊಳೆತು ಹುಣ್ಣಾಗಿತ್ತು, ಹುಳು ಮಿಜಿಗುಡುತ್ತಿದ್ದವು. ಅಪ್ಪ ಬಾರುಕೋಲು ಕೆಳಗೆ ಹಾಕಿದ. ನಾನು ನೋಡಲಾಗದೆ ಅಜ್ಜಿಯ ಸೀರೆ ಹಿಡಿದುಕೊಂಡೆ. ಅಜ್ಜಿಯ ಬಾಯಲ್ಲಿ ಮೈ ಕದಿಯುವುದು ಅಂದರೆ ಸೋಮಾರಿತನ ಅಲ್ಲ. ನೋವಿರುವ ಜಾಗವನ್ನು ಯಾರಿಗೂ ಕಾಣದ ಹಾಗೆ ಬಚ್ಚಿಟ್ಟುಕೊಂಡು ತಿರುಗುವುದು. ದನಕ್ಕೂ ಅದೇ ಮಾತು, ಮನುಷ್ಯರಿಗೂ ಅದೇ ಮಾತು. ಆ ಎತ್ತು ಮತ್ತೆ ನೊಗ ಹೊರಲಿಲ್ಲ.

ಪಂಪ್‌ಹೌಸಿನಲ್ಲಿ ಭಾವ ಪೈಪುಗಳ ರಾಶಿಯ ಮೇಲೆ ಎಡ ಕುಂಡೆಯೊಂದನ್ನೇ ಊರಿ, ಬಲಗಾಲು ಚಾಚಿ ಕೂತಿದ್ದರು. ಬೀಡಿ ಹಚ್ಚಿಕೊಂಡಿದ್ದರು, ಸೇದುತ್ತಿರಲಿಲ್ಲ.

“ಬಾವ, ಎಲ್ಲಿ ನೋಯ್ತದೆ?”

“ಯಾರ್ಗೆ?”

“ನಿಮ್ಗೆ.”

“ಓಗ್ಲಾ. ಉಲ್ಲು ಸೊಟ್ಟ ಆದ್ರೆ ಡಾಕುಟ್ರು ಆಗ್ಬುಟ್ಯಾ?”

“ಎಡಕ್ಕೆ ವಾಲೋದು ಯಾಕೆ ಯೋಳಿ. ಬಲಗಡೆ ಏನಾಗದೆ?”

ಬೀಡಿ ಅವರ ಬೆರಳ ತುದಿಯ ತನಕ ಉರಿಯಿತು. ಅದನ್ನು ಕೆಳಗೆ ಹಾಕಿ ಒತ್ತಿದರು. ಆಮೇಲೆ ಎದ್ದು ನಿಂತು, ಬಾಗಿಲ ಕಡೆ ಒಮ್ಮೆ ನೋಡಿ, ಅಂಗಿ ಎತ್ತಿ, ಪ್ಯಾಂಟಿನ ದಾರ ಸಡಿಲಿಸಿ ಸೊಂಟದ ಬಲಗಡೆ ತೋರಿಸಿದರು. ಅಕ್ಕನ ಹಳೇ ಸೀರೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು. ಅದರ ಅಡಿಯಲ್ಲಿ, ಸೊಂಟದ ಮೂಳೆಯ ಮೇಲೆ, ಕೈ ಇಟ್ಟರೆ ಕಲ್ಲು ಮುಟ್ಟಿದ ಹಾಗೆ ಒಂದು ಗಂಟು.

“ಸೊಪ್ಪು ಬೇಯ್ಸೋ ಕಾಲ್ದಾಗೆ ಎದ್ದಿತ್ತು. ಸೌದೆ ತಾಕದೆ ಅನ್ಕಂಡೆ. ನಾಟಿ ಎಣ್ಣೆ ಉಯ್ದೆ. ಈಗ ಗಾಡಿ ಮೊಲಕ್ ಆಕುದ್ರೆ ಆ ನಡುಕ ಒಳಕ್ ಇಳೀತದೆ ಕಣ್ಲಾ, ಜೀವ ಓಯ್ತದೆ. ಆಮೆಗಿಟ್ರೆ ತಡೀತದೆ.” ಬಟ್ಟೆಯನ್ನು ಮತ್ತೆ ಸುತ್ತಿಕೊಂಡರು. “ನಿಮ್ಮಕ್ಕನ್ಗೆ ಯೋಳ್ಬೇಡ. ಆವಯ್ಯನ್ಗೂ ಯೋಳ್ಬೇಡ. ಕಾಯ್ಲೆ ಅಂದ್ರೆ ಸೀಟಿಂದ ಇಳುಸ್ಬುಡ್ತಾನೆ. ಮದ್ವೆ ಒಂದು ಕಳೀಲಿ, ನಾನೇ ಆಸ್ಪತ್ರೆಗ್ ಓಯ್ತೀನಿ.”

“ಮದ್ವೆ ಇನ್ನೂ ಸಂಕ್ರಾಂತಿ ಆದ್ಮೇಲೆ ಬಾವ.”

“ಕುಂತು ಮಾಡೋ ಕೆಲ್ಸ ಅಂತ ಊರೆಲ್ಲ ಯೋಳ್ಕಂಡ್ ಬಂದಿವ್ನಿ. ಈಗ ಕುಂತ್ಕಳಾಕೇ ಆಗಾಕಿಲ್ಲ ಅಂದ್ರೆ ನಗಾಕಿಲ್ವಾ ಜನ?”

ಹೇಳುವುದಿಲ್ಲ ಅಂತ ನಾನು ಮಾತು ಕೊಡಲಿಲ್ಲ. ಅವರು ಹೊರಕ್ಕೆ ಹೋಗುತ್ತಿದ್ದಂತೆ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಮಾರನೇ ದಿನವೇ ಬಸ್ಸು ಬದಲಾಯಿಸಿಕೊಂಡು ಬಂದಳು. ಗೇಟಿನಲ್ಲಿ ಕಾವಲಿನವನು ಒಳಕ್ಕೆ ಬಿಡದಿದ್ದಾಗ, ಅಲ್ಲಿಂದಲೇ ಹುಲ್ಲುಹಾಸಿನ ತನಕ ಕೇಳಿಸುವ ಹಾಗೆ ಕೂಗಿದಳು: “ನನ್ ಸೀರೆ ಅರ್ದು ಸೊಂಟಕ್ ಸುತ್ಕಂಡು ಓಡಾಡ್ತಿದ್ದೀರಲ್ಲ, ಆ ಸೀರೆ ಎಲ್ಲೋಯ್ತು ಅಂತ ನಾನು ನೆರೆಮನೆಯೋಳ್ ಜೊತೆ ಜಗ್ಳ ಆಡಿವ್ನಲ್ರೀ!” ಭಾವ ಗಾಡಿ ನಿಲ್ಲಿಸಿದರು. ಇಳಿಯಲು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ತೆಗೆದುಕೊಂಡರು. ಅಕ್ಕ ಅದನ್ನು ನೋಡಿದಳು. ಆಮೇಲೆ ಅವಳು ಕೂಗಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಕೋಣೆಗೆ ಅಲೆದೆವು. ಸೂಜಿ ಚುಚ್ಚಿ ಚೂರು ತೆಗೆದರು, ದೊಡ್ಡ ಮಿಷನ್ನಿನ ಒಳಗೆ ಮಲಗಿಸಿದರು. ಕೊನೆಗೆ ಡಾಕ್ಟರು ನಮ್ಮ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಎಲ್ಲಿಯೋ ಶುರುವಾದ ಕ್ಯಾನ್ಸರ್ ಈಗ ಮೂಳೆಗೆ ಇಳಿದಿದೆ. ಕೊಯ್ದು ತೆಗೆಯುವ ಹಾಗಿಲ್ಲ. ನೋವು ಕಮ್ಮಿ ಆಗಲು ಕರೆಂಟು ಕೊಡುತ್ತೇವೆ, ಮಾತ್ರೆ ಕೊಡುತ್ತೇವೆ. ಅಷ್ಟು ಹೇಳಿ ಅವರು ಭಾವನನ್ನು ಕೇಳಿದರು: “ಇಷ್ಟು ದಿನ ಈ ನೋವು ಹೇಗ್ರೀ ತಡ್ಕೊಂಡ್ರಿ?”

“ವಾಲ್ಕಂಡು ಸಾರ್,” ಅಂದರು ಭಾವ.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅಕ್ಕ ಮೊದಲ ಸಲ ಅತ್ತಿದ್ದು ಆಗ.

ಕರೆಂಟು ಕೊಟ್ಟ ಮೇಲೆ ನೋವು ಸ್ವಲ್ಪ ತಗ್ಗಿತು. ಆದರೆ ಸೊಂಟ ನೆಟ್ಟಗಾಗಲಿಲ್ಲ. ನಿಂತರೂ ಎಡಕ್ಕೆ, ಕೂತರೂ ಎಡಕ್ಕೆ. ಅಕ್ಕ ಎಷ್ಟು ಹೇಳಿದರೂ ಅವರು ಮನೆಯಲ್ಲಿ ನಿಲ್ಲಲಿಲ್ಲ. ಗೋಡೆ ನೋಡಿಕೊಂಡು ಮಲಗಿದರೆ ಕಾಯಿಲೆ ಎದುರಿಗೆ ಬಂದು ಕೂರುತ್ತದೆ ಅನ್ನುತ್ತಿದ್ದರು. ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು, “ಅವರಿಗೆ ಏನಿಷ್ಟವೋ ಮಾಡ್ಲಿ ಬಿಡಿ,” ಅಂದರು. ಆ ಮಾತು ಎಂಥದ್ದು ಅಂತ ನನಗೂ ಅಕ್ಕನಿಗೂ ಗೊತ್ತಾಯಿತು. ಭಾವನಿಗೂ ಗೊತ್ತಾಗಿರಬೇಕು, ಅವರು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿದವರು ಎಚ್.ಡಿ. ಕೋಟೆ ಬರುವ ತನಕ ಈ ಕಡೆ ತಿರುಗಲಿಲ್ಲ.

ಮ್ಯಾನೇಜರಿಗೆ ವಿಷಯ ಹೇಳಿದವನು ನಾನೇ. ಅವರು ಕುರ್ಚಿಯಿಂದ ಎದ್ದರು, ಮತ್ತೆ ಕೂತರು. ಮೈಗಳ್ಳತನ ಅಂದಿದ್ದರ ಬಗ್ಗೆ ಒಂದು ಮಾತೂ ಬರಲಿಲ್ಲ. “ಕಾಯಿಲೆ ಮನುಷ್ಯನ್ನ ಗಾಡಿ ಮೇಲೆ ಕೂರಿಸಿ ಏನಾದ್ರೂ ಆದ್ರೆ ನನ್ನ ತಲೆಗೆ ಬರತ್ತೆ,” ಅಂದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ, “ನೀವು ಪಕ್ಕದಲ್ಲೇ ಇರ್ತೀರಾ?” ಅಂದರು. ಇರುತ್ತೇನೆ ಅಂದೆ. “ಹುಲ್ಲು ಮಾತ್ರ ಮಟ್ಟಸ ಬರ್ಬೇಕು ನೋಡಿ. ಮದುವೆಯವರಿಗೆ ಇದೆಲ್ಲ ಹೇಳಕ್ಕಾಗಲ್ಲ.” ಸಂಜೆ ಹೊತ್ತಿಗೆ ಈಜುಕೊಳದ ಕುರ್ಚಿಯ ದಪ್ಪ ದಿಂಬೊಂದನ್ನು ರೂಮ್ ಬಾಯ್ ಕೈಯಲ್ಲಿ ಶೆಡ್ಡಿಗೆ ಕಳಿಸಿದ್ದರು.

ದಿಂಬನ್ನು ಸೀಟಿಗೆ ಕಟ್ಟಿದೆವು. ಭಾವ ಕೂತರು. ದಿಂಬಿನ ಮೇಲೂ ಅವರು ಎಡಕ್ಕೇ ವಾಲಿದರು. ಬೆಳಗಿನ ನೀರು ಕುಡಿದ ಮೆತ್ತನೆಯ ನೆಲದಲ್ಲಿ ಎಡ ಚಕ್ರ ಒಂದಿಷ್ಟು ಹೂತು, ಮತ್ತೆ ಅದೇ ಹಳ್ಳ ಬಿತ್ತು. “ನೆಟ್ಗೆ ಕುಂತ್ಕತೀನಿ ತಡಿ,” ಅಂದು ಹಲ್ಲು ಕಚ್ಚಿಕೊಂಡು ಬಲಕ್ಕೆ ಭಾರ ಹಾಕಲು ಹೋದರು. ಮುಖದಲ್ಲಿ ಬೆವರು ಒಡೆಯಿತು. ನಾನು ಗಾಡಿಯ ಕೀಲಿ ತಿರುಗಿಸಿ ಆಫ್ ಮಾಡಿದೆ.

“ಇಳೀಬೇಡಿ. ಅಂಗೇ ಕುಂತ್ಕಳಿ. ನಿಮ್ಗೆ ಎಂಗ್ ಆಯ್ತದೋ ಅಂಗೆ ಕುಂತ್ಕಳಿ.”

“ಏನ್ಲಾ ಮಾಡ್ತೀಯ?”

“ನೀವು ನೆಟ್ಗಾಗೋದು ಬ್ಯಾಡ. ಗಾಡಿನೇ ಸೊಟ್ಟ ಮಾಡ್ತೀನಿ.”

ಅವರು ಕೂತಿದ್ದ ಹಾಗೇ ನಾನು ಗಾಡಿಯ ಪಕ್ಕ ಮಲಗಿ, ಮರದ ತುಂಡು ತೂರಿಸಿ ಅಳತೆ ನೋಡಿದೆ. ಎಡಗಡೆ ಡೆಕ್ಕನ್ನು ಹಿಡಿದ ಬೋಲ್ಟಿನ ನಟ್ಟು ಸಡಿಲಿಸಿ, ಎಡಗಡೆಯನ್ನು ಮೇಲೆತ್ತಿ ಬಿಗಿದೆ. ಮತ್ತೆ ಅಳತೆ. ಇನ್ನೊಂದಿಷ್ಟು ಎತ್ತಿದೆ. ಅವರ ದೇಹ ಎಷ್ಟು ಇಳಿಯುತ್ತದೋ ಅಷ್ಟು ಕಬ್ಬಿಣ ಏರಿತು. ಮೇಲಿನಿಂದ ಅವರ ಮಾತು ಕೇಳುತ್ತಿತ್ತು: “ದರ್ಜಿಯವ್ನು ಅಂಗಿ ಅಳ್ತೆ ತಗಂಡಂಗ್ ತಗತಿದ್ದೀಯಲ್ಲಾ. ವಸಿ ಲೂಸಾಗೇ ವಲಿ, ತೊಳುದ್ರೆ ಬಿಗಿ ಆಯ್ತದೆ.” ನಗಬೇಕೋ ಅಳಬೇಕೋ ತಿಳಿಯದೆ ನಾನು ಗಾಡಿಯ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದುಕೊಂಡು ಒಂದಷ್ಟು ಹೊತ್ತು ಮಲಗಿದ್ದೆ. ಗ್ರೀಸಿನ ವಾಸನೆ, ಹಸಿ ಹುಲ್ಲಿನ ವಾಸನೆ, ಅವರ ಸೊಂಟಕ್ಕೆ ಹಚ್ಚಿದ ಮುಲಾಮಿನ ವಾಸನೆ.

ಹಿಡಿಕೆ ಮಾತ್ರ ಮೊಲಕ್ಕೇ ಇಡಬೇಕಾಯಿತು. ಆಮೆಯಲ್ಲಿ ಬ್ಲೇಡು ಹುಲ್ಲನ್ನು ಕೊಯ್ಯುವುದಿಲ್ಲ, ಕಿತ್ತು ಹರಿಯುತ್ತದೆ. ಮಾತ್ರೆ ನುಂಗಿ, ಅದು ಹಿಡಿಯುವ ತನಕ ಮರದ ಕೆಳಗೆ ಕೂತಿದ್ದು, ಆಮೇಲೆ ಗಾಡಿ ಹತ್ತುತ್ತಿದ್ದರು. ಇಳಿಜಾರಿನಲ್ಲಿ ಅವರು ಹೋದಷ್ಟು ಸಲ ನಾನೂ ಪಕ್ಕದಲ್ಲಿ ನಡೆದೆ. ಮಾತಾಡಿದರೆ ಇಂಜಿನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಆದರೂ ಅವರ ತುಟಿ ಏನೋ ಹೇಳುತ್ತಲೇ ಇರುತ್ತಿತ್ತು. ದನ ಹೊಡೆಯುವವರ ಹಾಗೆ ಗಾಡಿಯನ್ನೇ ಬೈಯುತ್ತಿದ್ದರೋ, ನೋವನ್ನು ಬೈಯುತ್ತಿದ್ದರೋ ಗೊತ್ತಿಲ್ಲ.

ಮದುವೆಯ ಹಿಂದಿನ ದಿನ ಪೂರ್ತಿ ಹುಲ್ಲುಹಾಸನ್ನು ಅವರೇ ಹೊಡೆದರು. ಮಧ್ಯೆ ಎರಡು ಸಲ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡರು. ನಾನು ಬಿಡಿ ಅಂದೆ. ತಲೆ ಎತ್ತದೆ ಕೈ ಆಡಿಸಿದರು. ಕೊನೆಯ ಸಾಲು ನೀರಿನ ಅಂಚಿಗೆ. ಅದನ್ನು ಮುಗಿಸಿದಾಗ ಅವರಿಂದ ಇಳಿಯಲು ಆಗಲಿಲ್ಲ. ನಾನು, ಅತ್ತೆ ಇಬ್ಬರೂ ಕಂಕುಳಿಗೆ ಕೈ ಕೊಟ್ಟು ಇಳಿಸಿದೆವು. ಅತ್ತೆ ಅಂದಳು, “ಮದ್ಲಿಂಗ ಕುದುರೆಯಿಂದ ಇಳುದಂಗ್ ಆಯ್ತಲ್ಲ ಅಳಿಯ.” ಅವರು ಉಸಿರು ಎಳೆದುಕೊಂಡು, “ಎಣ್ಣು ಎಲ್ಲಿ?” ಅಂದರು. ಅತ್ತೆ ಕುಡುಗೋಲನ್ನು ಸೆರಗಿನಲ್ಲಿ ಒರೆಸುತ್ತಾ ನಿಂತಳು.

ಮದುವೆ ಆದ ಮೇಲೆ ಮ್ಯಾನೇಜರ್ ತಾವೇ ಶೆಡ್ಡಿಗೆ ಬಂದು ಫೋನಿನಲ್ಲಿ ವಿಡಿಯೋ ತೋರಿಸಿದರು. ಡ್ರೋನು ಕಾಡಿನ ಕಡೆಯಿಂದ ನೀರಿನ ಮೇಲೆ ತೇಲಿ ಬಂದು ಹುಲ್ಲಿನ ಮೇಲೆ ಏರುತ್ತದೆ. ಒಂದೇ ಒಂದು ಪಟ್ಟೆ ಇಲ್ಲ. ಇಸ್ತ್ರಿ ಮಾಡಿ ಹಾಸಿದ ಹಸಿರು ಬಟ್ಟೆ. ಭಾವ ಚಾಪೆಯ ಮೇಲೆ ಎಡ ಮಗ್ಗುಲಿಗೆ ಮಲಗಿದ್ದರು. ಫೋನನ್ನು ಮುಖದ ಹತ್ತಿರ ಹಿಡಿದು ಎರಡು ಸಲ ನೋಡಿದರು.

“ಉಲಿ ಓಡೋಯ್ತಲ್ಲ ಸಾರ್,” ಅಂದರು.

ಮ್ಯಾನೇಜರ್ ಫೋನನ್ನು ಜೇಬಿಗೆ ಹಾಕಿಕೊಂಡು, ಹೊರಗೆ ಹೋಗಿ, ಗಾಡಿಯ ಪಕ್ಕ ಬಹಳ ಹೊತ್ತು ನಿಂತಿದ್ದರು. ಅವರೇನು ಯೋಚಿಸುತ್ತಿದ್ದರೋ ನಾನು ಕೇಳಲಿಲ್ಲ.

ಆಮೇಲೆ ಭಾವ ಆ ಸೀಟಿನ ಮೇಲೆ ಕೂರಲಿಲ್ಲ. ಊರಿಗೆ ಕರೆದುಕೊಂಡು ಹೋದೆವು. ಮೊದಲು ನಡೆಯುವುದು ನಿಂತಿತು, ಆಮೇಲೆ ಊಟ, ಆಮೇಲೆ ಮಾತು. ಅಕ್ಕ ರಾಗಿ ಗಂಜಿಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದಳು, ಅರ್ಧ ಎಡಗಡೆಯಿಂದ ಹೊರಗೆ ಹರಿಯುತ್ತಿತ್ತು. ಯುಗಾದಿ ಕಳೆದು ಬ್ಯಾರನ್‌ಗಳಿಗೆ ಹೊಸ ಸೌದೆ ಬರುವ ಹೊತ್ತಿಗೆ ಅವರು ಹೋದರು. ಹೊಲದ ಬದುವಿನಲ್ಲಿ, ಅವರ ಅಪ್ಪನ ಪಕ್ಕ ಮಣ್ಣು ಮಾಡಿದೆವು. ಗುಂಡಿಗೆ ಇಳಿಸುವಾಗ ಸೊಂಟ ನೆಟ್ಟಗಾಗದೆ ದೇಹ ಎಡಕ್ಕೆ ಮಗುಚಿಕೊಂಡಿತು. ದೊಡ್ಡವರೊಬ್ಬರು ಸರಿ ಮಾಡಿ ಅಂದರು. ಅಕ್ಕ ಮೇಲಿನಿಂದ, “ಬೇಡ, ಅಂಗೇ ಬುಡಿ. ನೋಯ್ತದೆ,” ಅಂದಳು.

ತಿಥಿ ಮುಗಿಸಿ ನಾನು ಕೆಲಸಕ್ಕೆ ವಾಪಸು ಬಂದೆ. ಹುಲ್ಲು ಮೊಣಕಾಲಿನ ತನಕ ಬೆಳೆದಿತ್ತು. ಹೊಸಬರು ಸಿಗುವ ತನಕ ನೀವೇ ಹೊಡೀರಿ ಅಂದರು ಮ್ಯಾನೇಜರ್. ದಿಂಬನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹಿಡಿಕೆಯನ್ನು ಮೊಲಕ್ಕೆ ತಳ್ಳಿ, ಅರ್ಧ ಇಳಿಜಾರು ಹೊಡೆದೆ. ಅಂಚಿನಲ್ಲಿ ಕೂತಿದ್ದ ಅತ್ತೆ ಕೈ ಎತ್ತಿ ನಿಲ್ಲಿಸಿದಳು.

“ಮತ್ತೆ ಸೊಟ್ಟ ಬತ್ತಾ ಅದಲ್ಲಪ್ಪ,” ಅಂದಳು.

ಇಳಿದು ನೋಡಿದೆ. ಈ ಸಲ ಎಡಗಡೆ ದಿಂಡು, ಬಲಗಡೆ ಹಳ್ಳ. ಗಾಡಿಯನ್ನು ಶೆಡ್ಡಿಗೆ ತಂದು ಸಿಮೆಂಟು ನೆಲದ ಮೇಲೆ ನಿಲ್ಲಿಸಿದೆ. ಎಡಗಡೆಯ ನಟ್ಟು ಸಡಿಲಿಸಿ, ಡೆಕ್ಕನ್ನು ಮೊದಲಿದ್ದ ಜಾಗಕ್ಕೆ ಇಳಿಸಿ ಬಿಗಿದೆ. ಮರದ ತುಂಡು ತೂರಿಸಿ ಎರಡೂ ಪಕ್ಕ ನೋಡಿದೆ. ಸಮ ಇತ್ತು. ಹೊರಗೆ ತಂದು ಉಳಿದ ಹುಲ್ಲು ಹೊಡೆದೆ.